ಅಕ್ಕ ಹೂಂ ಅನ್ನದ ಪುಟ

ಹೋದ ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಹರಪನಹಳ್ಳಿಯ ಕಾಲೇಜೊಂದರ ಕನ್ನಡ ಅಧ್ಯಾಪಕರು ಫೋನ್ ಮಾಡಿದರು. ಬಾಯಲ್ಲಿ ನೊರೆ ಇರುವಾಗ ಫೋನ್ ಎತ್ತಬಾರದು. ಎತ್ತಿದೆ, ನನ್ನ ಕರ್ಮ.

“ಸಾರ್, ಒಂದು ವಿಚಾರ ಸಂಕಿರಣ ಇಟ್ಕೊಂಡೀವಿ. ‘ಜಗತ್ತಿನ ಶ್ರೇಷ್ಠ ಕಾದಂಬರಿಯ ಲಕ್ಷಣಗಳು’ ಅಂತ ವಿಷಯ. ಮುಖ್ಯ ಭಾಷಣ ನೀವೇ ಮಾಡ್ಬೇಕು,” ಎಂದರು. ನಾನು ನೊರೆ ಉಗಿದು, ಲಕ್ಷಣ ನೋಡೋದಕ್ಕೆ ಕಾದಂಬರಿ ಏನು ಸಂತೆಯ ಎತ್ತೇ ಎಂದು ಕೇಳಿದೆ. ಅವರು ನಕ್ಕರು. ತಮಾಷೆ ಎಂದುಕೊಂಡಿರಬೇಕು. ಮುಂದೆ ಹೇಳಿದ್ದು ಮಾತ್ರ ತಮಾಷೆಯಲ್ಲ. ಅವರು ನಾಲ್ಕು ಮಂದಿ ಕೂತು ಒಂದು ತಖ್ತೆ ಮಾಡಿದ್ದಾರಂತೆ. ವಸ್ತುವಿಗೆ ಇಪ್ಪತ್ತೈದು ಅಂಕ, ತಂತ್ರಕ್ಕೆ ಇಪ್ಪತ್ತೈದು, ಭಾಷೆಗೆ ಇಪ್ಪತ್ತೈದು, ದರ್ಶನಕ್ಕೆ ಇಪ್ಪತ್ತೈದು. ಎಂಬತ್ತರ ಮೇಲೆ ಬಂದದ್ದು ಜಾಗತಿಕ ಶ್ರೇಷ್ಠ.

“ಪಾಸಾಗಾಕ ಎಷ್ಟು ಬೇಕು?” ಎಂದೆ.

“ಮೂವತ್ತೈದು ಇಟ್ಟೀವಿ ಸಾರ್,” ಎಂದರು ಆ ಪುಣ್ಯಾತ್ಮರು, ಗಂಭೀರವಾಗಿ. ಆಮೇಲೆ ದನಿ ತಗ್ಗಿಸಿ, ಪ್ರಶ್ನೆಪತ್ರಿಕೆ ಮೊದಲೇ ತಿಳಿಸುವವರ ಹಾಗೆ, “ನಿಮ್ಮ ಕಾದಂಬರಿಗೆ ದರ್ಶನದಾಗ ಇಪ್ಪತ್ತೆರಡು ಬಂದೈತಿ ಸಾರ್. ಎಲ್ಲಾ ಆ ಆರತಿ ಪುಟದಿಂದನೇ. ಅದೊಂದು ಪುಟ ಸಾಕು, ಜಗತ್ತಿನ ಸಾಲಿನಾಗ ನಿಲ್ಲುತ್ತೆ,” ಎಂದರು.

ಮೈಯೆಲ್ಲ ಉರಿದುಹೋಯಿತು. “ಆ ಪುಟದ ಸುದ್ದಿ ನನ್ನ ಮುಂದ ಎತ್ತಬ್ಯಾಡ್ರಿ. ನೀವೂ ಬ್ಯಾಡ, ನಿಮ್ಮ ಅಂಕನೂ ಬ್ಯಾಡ,” ಎಂದು ಫೋನ್ ಕುಕ್ಕಿದೆ. ಹೆಂಡತಿ ಒಳಗಿಂದ ಬಂದು, ಬೆಳಿಗ್ಗೆ ಬೆಳಿಗ್ಗೆ ಯಾರ ಮೇಲೆ ಹರಿಹಾಯುತ್ತಿದ್ದೀರಿ ಎಂದಳು. ಹರಿಹಾಯಬೇಕಾದದ್ದು ನನ್ನ ಮೇಲೇ ಎಂದು ಅವಳಿಗೂ ಗೊತ್ತು. ಅದಕ್ಕೇ ಹೆಚ್ಚು ಕೇಳದೆ ಒಳಗೆ ಹೋದಳು.

ಆ ಇಪ್ಪತ್ತೆರಡು ಅಂಕದ ಪುಟದಿಂದ ನಾನು ಕಳೆದುಕೊಂಡದ್ದನ್ನು ಯಾವ ತಖ್ತೆಯಲ್ಲೂ ಹಾಕಲು ಬರುವುದಿಲ್ಲ. ನನ್ನ ಅಕ್ಕನ ಒಂದು ‘ಹೂಂ’. ಈ ವಯಸ್ಸಿನಲ್ಲಿ ನನಗೆ ವಾಪಸು ಬೇಕಿದ್ದದ್ದು ಅದೊಂದೇ.

ನಮ್ಮ ಕಡೆ ಕಥೆ ಹೇಳುವವರ ಎದುರು ಕೂತವರು ‘ಹೂಂ’ ಅನ್ನಬೇಕು. ಇದು ಕಡ್ಡಾಯ. ಹೂಂ ಇಲ್ಲದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ನಮ್ಮವ್ವ ಮಧ್ಯಾಹ್ನ ಶೇಂಗಾ ಸುಲಿಯುತ್ತ ಕಥೆ ಹೇಳುವಾಗ ನಾವು ಕಾಳು ಮುಕ್ಕುತ್ತ ಹೂಂ ಮರೆತರೆ, “ನಾನೇನು ಗ್ವಾಡಿಗೆ ಹೇಳಾಕತ್ತೀನೇನು?” ಎಂದು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. ರಾಜಕುಮಾರ ಬಾವಿಯಲ್ಲಿ ಅರ್ಧ ಇಳಿದಿರಲಿ, ಅಲ್ಲೇ ನೇತಾಡಿಕೊಂಡಿರಬೇಕು. ನಾವು ಅತ್ತು ಕರೆದು ಹೂಂ ಅಂದ ಮೇಲೆಯೇ ಅವನಿಗೆ ನೆಲ.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ನಾನು ಹುಟ್ಟಿದಾಗ ಅವಳ ಶಾಲೆ ಮುಗಿಯಿತು. ನನ್ನನ್ನು ಎತ್ತಿಕೊಳ್ಳಲು ಒಂದು ಸೊಂಟ ಬೇಕಾಗಿತ್ತು, ಅವಳದು ಸಿಕ್ಕಿತು. ಮುಂದೆ ನಾನು ಕನ್ನಡ ಪುಸ್ತಕದ ಪಾಠ ಗಟ್ಟಿಯಾಗಿ ಓದುವಾಗ ಅವಳು ರೊಟ್ಟಿ ಬಡಿಯುತ್ತ ಹೂಂ ಅನ್ನುತ್ತಿದ್ದಳು. ಅವಳಿಗಾಗಿ ಓದುತ್ತೇನೆ ಎಂದು ನಾನು ತಿಳಿದಿರಲಿಲ್ಲ. ಹೂಂ ಬರುತ್ತದೆ, ಅದಕ್ಕೆ ಓದುತ್ತೇನೆ, ಅಷ್ಟೇ. ಅವಳು ಮದುವೆಯಾಗಿ ಕೊಟ್ಟೂರಿಗೆ ಹೋದ ಮೇಲೂ, ನನಗೆ ನೌಕರಿ ಸಿಕ್ಕಿ ಹೊಸಹಳ್ಳಿ, ಚಿಗಟೇರಿ ಎಂದು ಹೈಸ್ಕೂಲಿಂದ ಹೈಸ್ಕೂಲಿಗೆ ಎತ್ತಂಗಡಿಯಾಗುತ್ತ ಕೊನೆಗೆ ಹಗರಿಬೊಮ್ಮನಹಳ್ಳಿಯಲ್ಲಿ ನಿಂತ ಮೇಲೂ, ಭಾನುವಾರ ಬಂತೆಂದರೆ ಚೀಲದಲ್ಲಿ ಒಂದು ಕಾದಂಬರಿ ಹಾಕಿಕೊಂಡು ಕೊಟ್ಟೂರಿನ ಬಸ್ಸು ಹತ್ತುತ್ತಿದ್ದೆ.

ಅಕ್ಕ ಈಗ ರೊಟ್ಟಿ ವ್ಯಾಪಾರದವಳು. ಇಬ್ಬರು ಹೆಂಗಸರನ್ನು ಕೂಡಿಸಿಕೊಂಡು ಊರಿನ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಜೋಳದ ಕಡಕ್ ರೊಟ್ಟಿ ಮಾಡಿ ಕೊಡುತ್ತಾಳೆ. ಭಾನುವಾರ ಆ ಇಬ್ಬರಿಗೆ ರಜೆ, ಅವಳಿಗಿಲ್ಲ. ನಾನು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಓದುವುದು, ಅವಳು ಬಡಿಯುವುದು. ಟಪ್ ಟಪ್ ಟಪ್, ಹೂಂ. ರೊಟ್ಟಿ ಹೆಂಚಿಗೆ ಬಿತ್ತು, ನೀರು ಸವರಿದಳು, ಹೂಂ. ಹೀಗೆ ನಾವು ನಮ್ಮ ದೇಶದ್ದು, ಪರದೇಶದ್ದು ಅನುವಾದವಾಗಿ ಬಂದದ್ದು, ದಿಂಬಿನಷ್ಟು ದಪ್ಪನವು, ಪೋಸ್ಟ್ ಕಾರ್ಡಿನಷ್ಟು ತೆಳ್ಳನವು, ಎಷ್ಟೋ ಓದಿದ್ದೇವೆ.

ಅವಳಿಗೆ ಯಾವ ಲೇಖಕ ದೊಡ್ಡವನು, ಯಾವನಿಗೆ ಯಾವ ಬಹುಮಾನ ಬಂದಿದೆ, ಏನೂ ಗೊತ್ತಿಲ್ಲ. ಒಂದು ಸಲ ನಾಡೇ ಹೊಗಳಿದ ಒಂದು ಕಾದಂಬರಿ ಓದುತ್ತಿದ್ದೆ. ಅದರ ನಾಯಕ ಒಂದು ಬೆಳಿಗ್ಗೆ ಜ್ಞಾನೋದಯವಾಗಿ ಹೊಲ ಮನೆ ಎಲ್ಲ ದಾನ ಮಾಡಿ ಹೊರಟುಬಿಡುತ್ತಾನೆ. ಟಪ್ ಟಪ್ ಇದೆ, ಹೂಂ ಇಲ್ಲ. ತಲೆ ಎತ್ತಿದೆ. “ಆ ಮನಿಯಾಗ ಹೆಂಗಸರು ಇರಲಿಲ್ಲೇನು?” ಎಂದಳು. ಇದ್ದರು, ತಾಯಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. “ಮತ್ತ ಒಬ್ಬಾಕಿನೂ ಬೈಲಿಲ್ಲಲ್ಲೋ! ಹೊಲ ಕೊಟ್ಟು ಹೊಂಟಾನ, ಎಲ್ಲಾರೂ ಗೊಂಬಿ ನಿಂತಂಗ ನಿಂತಾರ. ಸುಳ್ಳ ಐತಿ ಬಿಡು.” ಮುನ್ನೂರು ಪುಟ ಬಾಕಿ ಇತ್ತು. ಅವಳು ಹೂಂ ಅನ್ನಲಿಲ್ಲ, ನಾನು ಓದಲಿಲ್ಲ. ಆ ಪುಸ್ತಕ ಈಗಲೂ ಆ ಅಧ್ಯಾಪಕರ ತಖ್ತೆಯಲ್ಲಿ ಮೊದಲ ಐದರಲ್ಲಿದೆಯಂತೆ. ಇರಲಿ, ಇಟ್ಟುಕೊಂಡು ಪೂಜೆ ಮಾಡಲಿ.

ಇನ್ನೊಂದು ಪರದೇಶದ ಕಾದಂಬರಿ. ಊರ ತುಂಬ ಹಿಮ, ಜನರ ಹೆಸರು ನನ್ನ ನಾಲಿಗೆಗೇ ಹೊರಳುತ್ತಿರಲಿಲ್ಲ. ಇದನ್ನು ಇವಳಿಗೆ ಓದುವುದು ದಂಡ ಎಂದುಕೊಂಡಿದ್ದೆ. ಅದರಲ್ಲೊಬ್ಬ ಮುದುಕಿ. ಸೊಸೆ ಸಕ್ಕರೆ ಕದಿಯುತ್ತಾಳೆಂದು ಡಬ್ಬಿಯ ಸಕ್ಕರೆಯ ಮೇಲೆ ಬೆರಳಿನಿಂದ ಗೆರೆ ಎಳೆದು ಮುಚ್ಚಳ ಹಾಕುತ್ತಾಳೆ. ಸೊಸೆ ಕದ್ದ ಮೇಲೆ ಅದೇ ಥರ ಗೆರೆ ಎಳೆದು ಇಡುತ್ತಾಳೆ. ಅಕ್ಕ ರೊಟ್ಟಿ ಬಿಟ್ಟು ಬಿದ್ದು ಬಿದ್ದು ನಕ್ಕಳು. “ಹೂಂ ಮತ್ತ! ಇಡಬೇಕಲ್ಲ! ಮುಂದ ಓದು, ಓದಲೇ,” ಎಂದಳು. ಹಿಮ ಎಂದರೇನೆಂದು ಅವಳು ಕೊನೆಯವರೆಗೂ ಕೇಳಲಿಲ್ಲ. ಆ ಮುದುಕಿ ಸತ್ತ ಭಾನುವಾರ ಮಧ್ಯಾಹ್ನ ನಾವಿಬ್ಬರೂ ಸುಮ್ಮನೆ ಉಂಡೆವು.

ಇಷ್ಟು ವರ್ಷ ಇಂಥ ಪರೀಕ್ಷಕಿಯ ಕೈಕೆಳಗೆ ಪಳಗಿದ ನಾನು, ಹೆಡ್ಡ, ನಿವೃತ್ತಿಯ ಹೊತ್ತಿಗೆ ನಾನೂ ಒಂದು ಕಾದಂಬರಿ ಬರೆದೆ. ಬರೆಯುವುದಕ್ಕೆ ನನಗೆ ಬೇರೆ ಯಾವ ಹೆಣ್ಣೂ ಸಿಗಲಿಲ್ಲ, ಅಕ್ಕ ಸಿಕ್ಕಳು. ಅವಳ ಗಂಡ ಮೂವತ್ತು ವರ್ಷದ ಹಿಂದೆ ಹಡಗಲಿ ಕಡೆಯ ಇನ್ನೊಬ್ಬಳ ಹಿಂದೆ ಹೋದವನು ತಿರುಗಿ ಬರಲಿಲ್ಲ. ಮಕ್ಕಳಿರಲಿಲ್ಲ. ಆಗ ನಾನು ಹೊಸಹಳ್ಳಿಯಲ್ಲಿದ್ದೆ, ಸುದ್ದಿ ನನಗೆ ಮುಟ್ಟಿದ್ದು ಮೂರು ದಿನದ ಮೇಲೆ. ನಾನು ಓಡೋಡಿ ಹೋದಾಗ ಅಕ್ಕ ಅಂಗಳಕ್ಕೆ ಸೆಗಣಿ ನೀರು ಹೊಡೆಯುತ್ತಿದ್ದಳು. “ಬಂದ್ಯಾ? ಕಾಲು ತೊಳಕೊ,” ಎಂದಳು. ಅವತ್ತು ಏನಾಯಿತು ಎಂದು ನಾನು ಕೇಳಲಿಲ್ಲ. ಗಾಯ ಕೆದಕಬಾರದು ಎಂಬ ದೊಡ್ಡಸ್ತಿಕೆ. ಮೂವತ್ತು ವರ್ಷ ಕೇಳಲಿಲ್ಲ. ಕೇಳದೆಯೇ ಬರೆದೆ.

ನನ್ನ ಕಾದಂಬರಿಯಲ್ಲಿ ಗಂಡ ಎರಡನೆಯವಳನ್ನು ಮನೆಗೇ ಕರೆತರುತ್ತಾನೆ. ನಾಯಕಿ ಹೊಸ್ತಿಲಲ್ಲಿ ಆರತಿ ತಟ್ಟೆ ಹಿಡಿದು ನಿಲ್ಲುತ್ತಾಳೆ. ಕಣ್ಣಿಂದ ನೀರು ಧಾರೆಯಾಗಿ ಇಳಿದು ತಟ್ಟೆಯ ಕುಂಕುಮದ ನೀರಿಗೆ ಬೀಳುತ್ತದೆ. ಒಂದೂವರೆ ಪುಟ ಅಳಿಸಿದ್ದೇನೆ ಆ ಹೆಣ್ಣನ್ನು. ಬರೆದ ದಿನ ನನಗೇ ಕಣ್ಣು ತುಂಬಿತ್ತು. ಎಂಥಾ ಪುಟ ಬರೆದೆ ಎಂದು ಬೀಗಿಕೊಂಡು ಎರಡು ಲೋಟ ಚಹಾ ಕುಡಿದಿದ್ದೆ, ಥೂ.

ಹಸ್ತಪ್ರತಿಯನ್ನು ಭಾನುವಾರಗಳಲ್ಲಿ ಅಕ್ಕನಿಗೆ ಓದುತ್ತ ಬಂದೆ. ನಾಯಕಿಯ ಬಾಲ್ಯಕ್ಕೆ ಹೂಂ ಬಂತು. ಶಾಲೆ ಬಿಡಿಸಿದ್ದಕ್ಕೆ ಉದ್ದನೆಯ ಹೂಂ ಬಂತು. ಮದುವೆಯಲ್ಲಿ ಬೀಗರು ಹೋಳಿಗೆ ಸಾಲದೆಂದು ಮುನಿಸಿಕೊಂಡದ್ದಕ್ಕೆ, “ಹೂಂ, ಅವರದೇನು ಹೊಟ್ಟಿಯೋ ಕಾಳು ತುಂಬೋ ಹಗೇವೋ,” ಎಂದು ಸೇರಿಸಿದಳು. ನಾನು ಉಬ್ಬಿ ಹೋದೆ. ಆಮೇಲೆ ಆರತಿಯ ಪುಟ ಬಂತು.

ಓದಿದೆ. ನಿಲ್ಲಬೇಕಾದ ಕಡೆ ನಿಂತೆ. ಟಪ್ ಟಪ್ ಟಪ್. ಹೂಂ ಇಲ್ಲ. ಕೇಳಿಸಲಿಲ್ಲವೇನೋ ಎಂದು ದನಿ ಏರಿಸಿ ಓದಿದೆ. ರೊಟ್ಟಿ ಹೆಂಚಿಗೆ ಬಿತ್ತು, ನೀರು ಸವರಿದಳು, ತಿರುವಿದಳು. ಹೂಂ ಇಲ್ಲ. ಪುಟ ಮುಗಿಯಿತು.

“ಯಾಕ ಸುಮ್ಮನ ಅದೀ?” ಎಂದೆ.

“ಆಕಿ ಅಳಂಗಿಲ್ಲಪ್ಪ,” ಎಂದಳು ಅಕ್ಕ, ಹಿಟ್ಟಿನಿಂದ ಕಣ್ಣೆತ್ತದೆ.

“ನಿನಗ ಹೆಂಗ ಗೊತ್ತು?” ಎಂದು ಕೇಳಿದೆ ನೋಡಿ! ಅವಳನ್ನು, ನಾನು! ಯಾರಾದರೂ ಆಗ ನನ್ನ ಕಪಾಳಕ್ಕೆ ಬಾರಿಸಬೇಕಿತ್ತು.

ಅಕ್ಕ ಕೈಯ ಹಿಟ್ಟು ತಿಕ್ಕಿ ಉದುರಿಸಿದಳು. “ಅವನು ಹೋದ ದಿವಸ ನನಗ ಹಸಿವಾಗಿತ್ತು,” ಎಂದಳು. “ಮುಂಜಾನೆ ಅವನಿಗಂತನ ಎಸರಿಟ್ಟು ಹಿಟ್ಟು ನಾದಿದ್ದೆ. ಪೆಟ್ಟಿಗಿ ತಗೊಂಡು ಹೊಂಟ. ಹೋಗ್ತೀನಿ ಅಂದ, ಹೋದ. ಹೆಂಚಿನ ಮ್ಯಾಲ ರೊಟ್ಟಿ ಉಬ್ಬಿ ನಿಂತಿತ್ತು. ಯಾರಿಗೆ ಹಾಕ್ಲಿ? ನಾನ ತಿಂದೆ. ಪುಂಡಿಪಲ್ಯ ಇತ್ತು, ಉಳ್ಳಾಗಡ್ಡಿ ಇತ್ತು. ನಾಕು ತಿಂದೆ. ಲಗ್ನ ಆದಾಗಿಂದ ಹೆಂಚಿನ ಮ್ಯಾಲಿಂದು ಬಿಸಿ ರೊಟ್ಟಿ ಅವತ್ತ ನೋಡಿದ್ದು ನಾನು. ಅವನದು ಆದ ಮ್ಯಾಲ ತಣ್ಣಗಾಗಿದ್ದು, ಹರದದ್ದು, ಅದ ನನ್ನ ಪಾಲಿಗೆ. ಅವತ್ತ ಬಿಸಿವು. ಭಾಳ ರುಚಿ ಇದ್ವು ಲೇ.”

ಕೋಟಿ ಪುಸ್ತಕ ತಿರುವಿದರೂ ಸಿಗದ ಮಾತನ್ನು ಅವಳು ನನ್ನ ಉಡಿಗೆ ಸುರಿದಿದ್ದಳು. ಆದರೆ ಆಗ ನನಗೆ ಬಂದದ್ದು ಸಿಟ್ಟು. ಒಂದೂವರೆ ಪುಟದ ನನ್ನ ಕಣ್ಣೀರಿನ ಗತಿ ಏನು?

“ಗಂಡ ಬಿಟ್ಟು ಹೋದ ದಿನ ಕೂತು ನಾಕು ರೊಟ್ಟಿ ಹೊಡದ್ಲು ಅಂತ ಬರದ್ರ ಜನ ನಗ್ತಾರ ಅಕ್ಕ. ಇದು ಸಾಹಿತ್ಯ. ಇದಕ್ಕೊಂದು ಎತ್ತರ ಇರತೈತಿ.”

“ಖರೇದ್ದಕ್ಕ ಎತ್ತರ ಇರಂಗಿಲ್ಲೇನು?”

“ನಿನಗ ಹೇಳಿದ್ರ ಕೋಣನ ಮುಂದ ಕಿನ್ನರಿ ಬಾರಿಸಿದಂಗ!” ಎಂದುಬಿಟ್ಟೆ.

ಅಕ್ಕ ಇನ್ನೊಂದು ಉಂಡೆ ಹಲಗೆಗೆ ಹಾಕಿದಳು. “ಕೋಣಕ್ಕ ಕಿನ್ನರಿ ತಿಳಿಯಂಗಿಲ್ಲ, ಖರೆ,” ಎಂದಳು. “ಹಸಿವು ತಿಳಿತೈತಿ.” ಮತ್ತೆ ಬಡಿಯತೊಡಗಿದಳು. ನಾನು ಕಾಗದ ಸುತ್ತಿ ಚೀಲಕ್ಕೆ ತುರುಕಿ, ಊಟವನ್ನೂ ಮಾಡದೆ ಬಸ್ ನಿಲ್ದಾಣಕ್ಕೆ ಹೋದೆ. ಪುಟ ಬದಲಿಸಲಿಲ್ಲ. ಅದು ಹಾಗೇ ಅಚ್ಚಾಯಿತು.

ಬಿಡುಗಡೆ ಕೊಟ್ಟೂರಿನ ಒಂದು ಕಲ್ಯಾಣಮಂಟಪದಲ್ಲಿ. ಅಲ್ಲೇ ಮಾಡಬೇಕೆಂದು ಹಟ ಹಿಡಿದವನು ನಾನು, ಅಕ್ಕ ಮುಂದಿನ ಸಾಲಿನಲ್ಲಿ ಕೂರಬೇಕೆಂದು. ಅವಳು ಬಂದಳು, ಇಳಕಲ್ ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು. ಪುಸ್ತಕದ ಬಗ್ಗೆ ಮಾತನಾಡಿದವರು ಇದೇ ಹರಪನಹಳ್ಳಿಯ ಅಧ್ಯಾಪಕರು. ಜಗತ್ತಿನ ಶ್ರೇಷ್ಠ ಕಾದಂಬರಿ ಎಂದರೆ ದೇಶಾತೀತ, ಕಾಲಾತೀತ ಎಂದರು. ಅದು ಮನುಷ್ಯ ಸಂಕಟವನ್ನು ಎತ್ತರಿಸಿ ಬೆಳಕಾಗಿಸುತ್ತದೆ ಎಂದರು. ಯಾರ ಸಂಕಟ, ಯಾರು ಎತ್ತರಿಸಬೇಕು, ಕೇಳುವವರಿಲ್ಲ. ಆಮೇಲೆ, “ಈ ಪುಟ ಕೇಳಿ,” ಎಂದು ಆರತಿಯ ಪುಟವನ್ನೇ ತೆಗೆದು ಗದ್ಗದ ದನಿಯಲ್ಲಿ ಓದಿದರು.

ಮಂಟಪದ ತುಂಬ ಸೆರಗಿನ ತುದಿಗಳು ಕಣ್ಣಿಗೆ ಹೋದವು. ಓದು ಮುಗಿದಾಗ, ನಿಜ ಹೇಳುತ್ತೇನೆ, ವೇದಿಕೆ ಮೇಲೆ ಶಾಲು ಹೊದ್ದು ಕೂತಿದ್ದ ನಾನು ಹೂಂಗಾಗಿ ಕಾದೆ. ಅಷ್ಟು ಜನರ ನಡುವೆ ಒಂದೇ ಒಂದು ಹೂಂ. ಬದಲು ಚಪ್ಪಾಳೆ ಬಂತು. ಅಧ್ಯಾಪಕರಿಗೆ ಅಷ್ಟಕ್ಕೆ ಸಮಾಧಾನವಾಗದೆ, ಮುಂದಿನ ಸಾಲಿನತ್ತ ಕೈ ಚಾಚಿ, “ಈ ಕಣ್ಣೀರಿನ ಮೂಲ ಇಲ್ಲೇ, ನಮ್ಮ ಮುಂದೆನೇ ಕೂತೈತಿ,” ಎಂದುಬಿಟ್ಟರು. ಯಾರು ಹೇಳಿದ್ದರು ಅವರಿಗೆ? ನಾನೇ, ಹಿಂದಿನ ದಿನ ಚಹಾ ಕುಡಿಯುವಾಗ, ಬಾಯಿಚಪಲಕ್ಕೆ.

ಊರ ಹೆಂಗಸರು ಅಕ್ಕನನ್ನು ಮುತ್ತಿದರು. ಗಲ್ಲ ಹಿಡಿದು, ಕೈ ಹಿಡಿದು, “ಎಷ್ಟು ಅತ್ತೀಯವ್ವ, ಎಷ್ಟು ತಡಕೊಂಡೀ,” ಎಂದು ತಾವೇ ಅತ್ತರು. ಅಕ್ಕ ಸೆರಗನ್ನು ಇನ್ನಷ್ಟು ಮುಂದೆ ಎಳೆದುಕೊಂಡಳು. ಅವಳು ಅಳುತ್ತಿದ್ದಾಳೆ ಎಂದು ಎಲ್ಲರೂ ತಿಳಿದರು. ನನಗೆ ಮಾತ್ರ ಗೊತ್ತಿತ್ತು, ಅವಳ ಮುಖ ಸಿಟ್ಟಿನಿಂದ ಸುಡುತ್ತಿತ್ತು. ಗೊತ್ತಿದ್ದೂ ನಾನು ಅವರಿವರಿಗೆ ಸಹಿ ಹಾಕಿಕೊಡುತ್ತ ನಿಂತೆ.

ಮರು ಭಾನುವಾರ ಕೊಟ್ಟೂರಿಗೆ ಹೋದೆ. ಅಕ್ಕ ಹೊಸ್ತಿಲಿಗೆ ಬಂದು, “ಬರ್ರಿ. ಕುಂದರ್ರಿ,” ಎಂದಳು.

ಹಿಂದೆ ಯಾರೋ ಬಂದಿದ್ದಾರೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಅದು ನನಗೇ. ಬೈಯಲಿ, ಮುದ್ದಿಸಲಿ, ‘ಲೇ’ ಬಿಟ್ಟು ಬೇರೆ ಕರೆಯದ ನನ್ನಕ್ಕ ನನಗೆ ‘ರಿ’ ಹಚ್ಚಿದ್ದಳು. ಪರಸ್ಥಳದ ಜನರಿಗೆ ಇದು ಮರ್ಯಾದೆಯಂತೆ ಕಾಣಬಹುದು. ನಮ್ಮಲ್ಲಿ ಅಕ್ಕ ತಮ್ಮನಿಗೆ ‘ರಿ’ ಎಂದರೆ, ಮನೆಯ ಬಾಗಿಲು ತೆರೆದೇ ಇಟ್ಟು ಮನಸ್ಸಿನದು ಹಾಕಿಕೊಂಡಳೆಂದೇ ಲೆಕ್ಕ. ಚೇಷ್ಟೆ ಇರಬೇಕೆಂದು ನಕ್ಕೆ. ಅವಳು ನಗಲಿಲ್ಲ. ಚಹಾ ತಂದು, “ತಗೋರಿ,” ಎಂದಳು. ನಾನು ಪುಸ್ತಕ ತೆಗೆದರೆ, “ಓದೋದು ಬ್ಯಾಡ್ರಿ. ಕೈ ಬಿಡುವಿಲ್ಲ,” ಎಂದಳು. ಓದುವುದನ್ನು ಕೇಳಲು ಕೈ ಯಾವತ್ತು ಬಿಡುವಿರಬೇಕಿತ್ತು?

ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ ಅದೇ. ನಾಲ್ಕನೆಯ ವಾರ ನನಗೆ ತಡೆಯಲಿಲ್ಲ. “ಏನು ಮಾಡೀನಿ ನಾನು ಅಂಥಾದ್ದು? ಜಗಳ ಆಡು, ಬೈ. ಈ ‘ರಿ’ ಒಂದು ಬಿಡು!” ಎಂದು ಕೂಗಿದೆ.

“ಬೈಯಾಕ ನೀವೇನು ನಮ್ಮವರಾ?” ಎಂದಳು. ಆಮೇಲೆ ಅವಳ ದನಿಯೂ ಏರಿತು. “ಮೂವತ್ತು ವರ್ಸ ಈ ಊರಾಗ ಒಬ್ಬರ ಮುಂದ ಕಣ್ಣಾಗ ನೀರು ತಂದಾಕಿ ಅಲ್ಲ ನಾನು. ಖಾನಾವಳಿಯವರು ನನ್ನ ಮುಂದ ದನಿ ತಗ್ಗಿಸಿ ಮಾತಾಡ್ತಿದ್ರು. ಈಗ ಅವರೂ ‘ಪಾಪ’ ಅಂತಾರ. ನಿನ್ನೆ ಉಚ್ಚಂಗಿದುರ್ಗದಾಕಿ ಒಬ್ಬಾಕಿ ಬಂದು ರೊಟ್ಟಿ ತಗೊಂಡು, ನನ್ನ ಕೈ ಹಿಡದು ಅತ್ತು ಹೋದ್ಲು. ಯಾರೋ ಏನೋ! ಮೂವತ್ತು ವರ್ಸ ಅಳದಾಕಿನ್ನ ನೀವು ಒಂದ ಸಂಜಿಯಾಗ ಊರ ಮುಂದ ಅಳಿಸಿಬಿಟ್ರಿ. ದೊಡ್ಡ ಮನುಷ್ಯಾರಾದ್ರಿ. ಹೋಗ್ರಿ ಇನ್ನ, ಬಸ್ಸಿನ ಹೊತ್ತಾತು.”

ಗಂಡ ಅವಳನ್ನು ಬಿಟ್ಟು ಹೋದನೇ ಹೊರತು ಅವಳದೇನನ್ನೂ ಒಯ್ಯಲಿಲ್ಲ. ಅವಳ ಅವತ್ತಿನ ಬೆಳಿಗ್ಗೆಯನ್ನು ಒಯ್ದವನು ನಾನು. ಬಿಸಿ ರೊಟ್ಟಿ ಕಸಿದುಕೊಂಡು ಕೈಗೆ ಆರತಿ ತಟ್ಟೆ ಕೊಟ್ಟೆ. ಅದಕ್ಕೆ ನನಗೆ ಶಾಲು, ಹಾರ, ಈಗ ಇಪ್ಪತ್ತೆರಡು ಅಂಕ. ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಕೂಡ್ಲಿಗಿಯ ಒಬ್ಬ ಪರಿಚಯದವರು, ಪುಸ್ತಕ ಭಾಳ ಚಲೋ ಐತಂತಲ್ರಿ ಎಂದರು. ಓದೀರೇನು ಎಂದು ಕೇಳಿದೆ. ಇಲ್ಲ, ಹಂಗ ಅಂತಾರ ಎಂದರು. ಅವರ ಮೇಲೂ ರೇಗಿದೆ. ಪಾಪ, ಅವರದೇನು ತಪ್ಪು.

ಹೀಗೆ ಏಳು ತಿಂಗಳು ಕಳೆದಿತ್ತು ಸೋಮವಾರದ ಫೋನ್ ಬಂದಾಗ. ಮಂಗಳವಾರ ಅದೇ ಮಹಾಶಯರು ಮತ್ತೆ ಮಾಡಿದರು. ಹಿರಿಯರು, ಸಿಟ್ಟು ಮಾಡಬೇಡಿ, ಶ್ರೇಷ್ಠತೆಯ ಬಗ್ಗೆ ಎರಡು ಮಾತು ಅಷ್ಟೇ, ಪೇಪರ್ ಬರೆದು ತಂದರೆ ಸಾಕು ಎಂದರು. ಆಯಿತು, ಬರೆಯುತ್ತೇನೆ ಎಂದೆ. ಸಿಟ್ಟಿನಲ್ಲೇ ಕೂತೆ. ವಸ್ತು, ತಂತ್ರ, ಭಾಷೆ, ದರ್ಶನ ಎಂದು ನಾಲ್ಕು ಪದ ಬರೆದು ನಾಲ್ಕನ್ನೂ ಹೊಡೆದುಹಾಕಿದೆ. ಅದರ ಕೆಳಗೆ, ‘ಅವನು ಹೋದ ದಿವಸ ಅವಳಿಗೆ ಹಸಿವಾಗಿತ್ತು’ ಎಂದು ಬರೆದೆ. ಒಂದು ಪುಟ ಆಯಿತು, ಅಲ್ಲಿಗೆ ನಿಂತಿತು. ಓದಿ ನೋಡಿದರೆ ನನಗೆ ಅಳು ಬರಲಿಲ್ಲ. ಹೊಟ್ಟೆ ಹಸಿಯಿತು.

ಬುಧವಾರವೇ ಕೊಟ್ಟೂರಿಗೆ ಹೋದೆ. ಭಾನುವಾರದವರೆಗೆ ಕಾಯುವ ತಾಳ್ಮೆ ನನಗಿಲ್ಲ, ಹುಟ್ಟಿನಿಂದಲೂ ಇಲ್ಲ. ಕೆಲಸದ ಹೆಂಗಸರಿಬ್ಬರೂ ಊಟಕ್ಕೆ ಮನೆಗೆ ಹೋಗಿದ್ದರು. ಅಕ್ಕ ಒಬ್ಬಳೇ ಹಲಗೆಯ ಮುಂದಿದ್ದಳು. “ಬರ್ರಿ,” ಎಂದಳು. ನಾನು ಕೂರಲಿಲ್ಲ. ಹೊಸ್ತಿಲ ಈಚೆ ನಿಂತೇ ಕಾಗದ ಬಿಡಿಸಿದೆ.

“ಓದೋದು ಬ್ಯಾಡ ಅಂದೀನ್ರಿ.”

“ನೀನು ಕೇಳಬ್ಯಾಡ. ಗ್ವಾಡಿಗೆ ಓದ್ತೀನಿ,” ಎಂದೆ. ಓದಿದೆ.

ಎಸರಿಟ್ಟದ್ದು, ಹಿಟ್ಟು ನಾದಿದ್ದು. ಟಪ್ ಟಪ್ ಟಪ್. ಅವನು ಪೆಟ್ಟಿಗೆ ಎತ್ತಿಕೊಂಡು ಹೊರಟದ್ದು. ಟಪ್ ಟಪ್. ಹೆಂಚಿನ ಮೇಲೆ ರೊಟ್ಟಿ ಉಬ್ಬಿ ನಿಂತದ್ದು, ಯಾರಿಗೆ ಹಾಕಲಿ ಎಂದು ಅವಳು ಸುತ್ತ ನೋಡಿದ್ದು, ಯಾರೂ ಇಲ್ಲದ್ದು. ಬಡಿಯುವ ಸದ್ದು ನಿಂತಿತು. ನಾನು ತಲೆ ಎತ್ತಲಿಲ್ಲ, ಧೈರ್ಯವಾಗಲಿಲ್ಲ. ಅವಳು ಗೋಡೆಗೆ ಬೆನ್ನು ಕೊಟ್ಟು ಕಾಲು ನೀಡಿ ಕೂತು, ಪುಂಡಿಪಲ್ಯ ಹಚ್ಚಿಕೊಂಡು, ಉಳ್ಳಾಗಡ್ಡಿ ಕಡಿದುಕೊಂಡು, ಒಂದಾದ ಮೇಲೊಂದು ನಾಲ್ಕು ಬಿಸಿ ರೊಟ್ಟಿ ತಿಂದದ್ದನ್ನು ಓದಿದೆ. ನಿಂತೆ.

ಹೂಂ ಬರಲಿಲ್ಲ.

ಹೆಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂತು. ಅಕ್ಕನ ರೊಟ್ಟಿ ಸೀದದ್ದನ್ನು ನಾನು ಕಂಡಿಲ್ಲ.

“ಆರು,” ಎಂದಳು.

“ಏನು?”

“ನಾಕಲ್ಲ, ಆರು. ಆರು ತಿಂದೆ. ಅವತ್ತ ನಿನಗ ನಾಕು ಅಂತ ಹೇಳಿದೆ. ಆರು ಅಂದ್ರ ಏನಂತೀಯೋ ಅಂತ ನಾಚಿಗಿ ಆತು.” ಸೀದ ರೊಟ್ಟಿಯನ್ನು ತೆಗೆದು ಅತ್ತ ಒಗೆದು, ಹೊಸ ಉಂಡೆ ಕೈಗೆ ತಗೊಂಡಳು. “ಮುಂದ ಓದು.”

“ಮುಂದ ಇಲ್ಲ ಅಕ್ಕ. ನನಗ ಗೊತ್ತಿರೋದು ಅಷ್ಟ.”

“ಗೊತ್ತಿಲ್ಲಂದ್ರ ಕೇಳಬೇಕಪ್ಪ. ಬಾಯಾಗ ಏನು ಕಡಬು ಇಟ್ಕೊಂಡೀಯೇನು? ಆರು ರೊಟ್ಟಿ ತಿಂದಾಕಿ ಮುಂದ ಏನು ಮಾಡಿದ್ಲು ಅಂತ ಒಮ್ಮೆರ ಕೇಳೀಯೇನಲೇ ನನ್ನ?” ಎಂದು ಬೈದಳು. ಮನಸಾರೆ ಬೈದಳು. “ಅಲ್ಲೇನು ಕಂಬ ನಿಂತಂಗ ನಿಂತೀ, ಕುಂದರು. ಕೇಳು.”

ನಾನು ಹೊಸ್ತಿಲ ಮೇಲೆ ಕೂತೆ. ಟಪ್ ಟಪ್ ಟಪ್.

“ಕೈ ತೊಳಕೊಂಡೆ. ಅವನ ಪೆಟ್ಟಿಗಿ ಇದ್ದ ಜಾಗದಾಗ ನಾಕು ಬಟ್ಟು ಧೂಳ ಕುಂತಿತ್ತು. ಮೊದಲ ಅದನ್ನ ಗುಡಿಸಿದೆ,” ಎಂದು ಹೇಳಿ, ಅಕ್ಕ ಕೈ ನಿಲ್ಲಿಸಿ ನನ್ನ ಕಡೆ ನೋಡಿದಳು.

“ಹೂಂ,” ಎಂದೆ.